ಸಂಶೋಧನೆ ಸಮಾಜಮುಖಿಯಾಗಲಿ: ಗಣ್ಯರ ಕರೆ

ಮತ್ತೆ ಕರೆ ಕೊಟ್ಟಿದ್ದಾರೆ. ಜಿಲ್ಲಾ ಪುಟದಲ್ಲಿ, ಕೆಳಗಡೆ, ಮೂರು ಕಾಲಂ. ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದಲ್ಲಿ ‘ರಾಜ್ಯಶಾಸ್ತ್ರ ಸಂಶೋಧನೆಯ ಇತ್ತೀಚಿನ ಒಲವುಗಳು’ ಅಂತ ಒಂದು ದಿನದ ವಿಶೇಷ ಉಪನ್ಯಾಸ. ಫೋಟೊದಲ್ಲಿ ವೇದಿಕೆ ತುಂಬಾ ಜನ ಸೇರಿ ಒಂದೇ ದೀಪ ಹಚ್ಚುತ್ತಿದ್ದಾರೆ. ‘ಸಂಶೋಧನೆ ಸಮಾಜಮುಖಿಯಾಗಬೇಕು’ ಅಂತ ಅತಿಥಿಗಳು ಕರೆ ನೀಡಿದರು. ‘ವಿದ್ಯಾರ್ಥಿಗಳು ಇದರ ಸದುಪಯೋಗ ಪಡೆದುಕೊಳ್ಳಬೇಕು’ ಅಂತ ಅಧ್ಯಕ್ಷರು ಇನ್ನೊಂದು ಕರೆ ನೀಡಿದರು. ಸಂಶೋಧನಾರ್ಥಿಗಳು ಉಪಸ್ಥಿತರಿದ್ದರು. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಊರಿನ ಹೆಸರು ಬದಲಾಯಿಸಿಕೊಂಡರೆ ನಿಮ್ಮ ಜಿಲ್ಲೆಯ ಸುದ್ದಿಯೂ ಅದೇ.

ಸಂಶೋಧನೆಯನ್ನು ಸಮಾಜದ ಕಡೆ ತಿರುಗಿಸುವ ಈ ಕೆಲಸ ನಾನು ಪೇಪರ್ ಓದೋಕೆ ಶುರು ಮಾಡಿದಾಗಿಂದ ನಡೆಯುತ್ತಲೇ ಇದೆ. ಪಾಪ, ಅದಕ್ಕೆ ಇಷ್ಟೊತ್ತಿಗೆ ಕತ್ತು ಉಳುಕಿರಬೇಕು.

ಇಂಥ ಕಾರ್ಯಕ್ರಮದ ಕ್ರಮ ಎಲ್ಲರಿಗೂ ಬಾಯಿಪಾಠ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ. ಹನ್ನೊಂದೂಕಾಲಿಗೆ ‘ಗಣ್ಯರು ಕುಲಪತಿಗಳ ಕೊಠಡಿಯಲ್ಲಿದ್ದಾರೆ, ಇನ್ನೇನು ಬರುತ್ತಾರೆ’ ಅಂತ ಮೈಕಿನಲ್ಲಿ ಘೋಷಣೆ. ಆಮೇಲೆ ನಾಡಗೀತೆ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ. ನಾಡಗೀತೆ ವಿಷಯದಲ್ಲಿ ಸರ್ಕಾರಕ್ಕೆ ಕೈಮುಗಿಯಬೇಕು. 2022ರಲ್ಲಿ ಆದೇಶ ಹೊರಡಿಸಿ ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಿ ಅಂತ ಹೇಳಿತು. ಸ್ವಾಗತ ಭಾಷಣಕ್ಕೆ ಹಾಗೆ ಗಡಿಯಾರ ಹಿಡಿಯುವ ಧೈರ್ಯ ಮಾತ್ರ ಯಾವ ಸರ್ಕಾರಕ್ಕೂ ಬಂದಿಲ್ಲ. ಕುಲಸಚಿವರು ಆಡಳಿತ, ಕುಲಸಚಿವರು ಮೌಲ್ಯಮಾಪನ, ಹಣಕಾಸು ಅಧಿಕಾರಿ, ಡೀನ್, ಸಿಂಡಿಕೇಟ್ ಸದಸ್ಯರು, ಮಾಜಿ ಸಿಂಡಿಕೇಟ್ ಸದಸ್ಯರು. ಒಬ್ಬೊಬ್ಬರಿಗೂ ಒಂದೊಂದು ವಚನ, ಒಂದೊಂದು ‘ಹೃತ್ಪೂರ್ವಕ’. ಬಿಟ್ಟುಹೋದ ಒಂದು ಹೆಸರಿನಿಂದ ಮುಂದಿನ ಸೆಮಿಸ್ಟರ್‌ ಪೂರ್ತಿ ವಿಭಾಗಕ್ಕೆ ಒಂದು ಫೈಲೂ ವಾಪಸ್ ಬರದೇ ಹೋಗಬಹುದು ಅನ್ನುವುದು ಸ್ವಾಗತ ಮಾಡುವವರಿಗೆ ಚೆನ್ನಾಗಿ ಗೊತ್ತು. ಅಧಿಕಾರ ಎಲ್ಲಿರುತ್ತದೆ ಅಂತ ರಾಜ್ಯಶಾಸ್ತ್ರದವರಿಗೆ ಬೇರೆಯವರು ಹೇಳಿಕೊಡಬೇಕಾ?

ಆಮೇಲೆ ಸನ್ಮಾನ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಅಂತ 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಹೇಳಿತ್ತು. ನಮ್ಮ ವಿಭಾಗಗಳು ಅದನ್ನು ತಕ್ಷಣ ಜಾರಿಗೆ ತಂದವು. ಈಗ ಹಾರ, ಶಾಲು, ಪೇಟದ ಜತೆ ಪುಸ್ತಕವನ್ನೂ ಕೊಡುತ್ತಾರೆ. ಅದು ಹಿಂದಿನ ವರ್ಷದ ವಿಚಾರ ಸಂಕಿರಣದ ಸಂಪುಟ. ಐಎಸ್‌ಬಿಎನ್ ಇರುತ್ತದೆ. ಓದುಗರು ಇರುವುದಿಲ್ಲ. ವಿಭಾಗದ ಅಲಮಾರಿಯಲ್ಲಿ ಕಟ್ಟು ಬಿಚ್ಚದೆ ಕೂತಿದ್ದ ಇನ್ನೂರು ಪ್ರತಿಗಳಿಗೆ ಹೀಗೆ ಮೋಕ್ಷ ಸಿಗುತ್ತಿದೆ.

ಇಷ್ಟೂ ಹೊತ್ತು ಒಬ್ಬ ಸಂಶೋಧನಾ ವಿದ್ಯಾರ್ಥಿ ಸಭಾಂಗಣದ ಹಿಂದೆ, ಮುಂದೆ, ಪಕ್ಕದಲ್ಲಿ ಫೋನ್ ಹಿಡಿದು ಓಡಾಡುತ್ತಿರುತ್ತಾನೆ. ಅವನ ಕೆಲಸ ಜಿಯೋ ಟ್ಯಾಗ್ ಇರುವ ಫೋಟೊ ತೆಗೆಯುವುದು. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಬರೀ ಫೋಟೊ ಸಾಲದು. ಇಂಥ ಅಕ್ಷಾಂಶ, ಇಂಥ ರೇಖಾಂಶದಲ್ಲಿ, ಇಂಥ ದಿನ, ಇಂಥ ಗಂಟೆಗೆ ಇಷ್ಟು ಜನ ಕೂತಿದ್ದರು ಅಂತ ಫೋಟೊವೇ ಸಾಕ್ಷಿ ಹೇಳಬೇಕು. ಅವರು ಎಚ್ಚರವಾಗಿದ್ದರಾ ಅನ್ನುವುದಕ್ಕೆ ಸದ್ಯಕ್ಕೆ ಕಾಲಂ ಇಲ್ಲ. ಒಂದು ನ್ಯಾಕ್ ತಪಾಸಣಾ ತಂಡದವರನ್ನೇ 2025ರ ಫೆಬ್ರವರಿಯಲ್ಲಿ ಸಿಬಿಐ ಲಂಚದ ಆರೋಪದ ಮೇಲೆ ಬಂಧಿಸಿದ್ದು ನಿಮಗೆ ನೆನಪಿರಬೇಕು. ಅಲ್ಲಿ ಜಿಯೋ ಟ್ಯಾಗ್ ಇಲ್ಲದೆಯೇ ಸಾಕ್ಷಿ ಸಿಕ್ಕಿತು ಅಂತ ಕಾಣುತ್ತದೆ.

ಇಷ್ಟೆಲ್ಲ ಯಾಕೆ ಅಂತ ಮುಗ್ಧರು ಕೇಳುತ್ತಾರೆ. ಬಡ್ತಿಗೆ ಬೇಕಾದ ಅಂಕಕ್ಕೆ ಸ್ವಾಮಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಅಧ್ಯಾಪಕರು ಬೇರೆ ಕಡೆ ಹೋಗಿ ಉಪನ್ಯಾಸ ಕೊಟ್ಟರೆ ಅಂಕ ಇದೆ. ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದ್ದಕ್ಕೆ 2, ರಾಷ್ಟ್ರ ಮಟ್ಟದ್ದಕ್ಕೆ 3, ದೇಶದೊಳಗೇ ನಡೆಯುವ ಅಂತರರಾಷ್ಟ್ರೀಯಕ್ಕೆ 5, ವಿದೇಶದಲ್ಲಾದರೆ 7. ಹಾಗಾಗಿ ಫ್ಲೆಕ್ಸ್ ಮೇಲೆ ಬರೀ ‘ಉಪನ್ಯಾಸ’ ಅಂತ ಬರೆಸುವವರು ದಡ್ಡರು. ಮಂಗಳೂರಿಗೆ ಕಾಸರಗೋಡಿನಿಂದ ಒಬ್ಬರು ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಬಂದರೆ ಅದು ರಾಷ್ಟ್ರೀಯ. ಬೆಂಗಳೂರಿನವರಿಗೆ ಹೊಸೂರು ಇದೆ. ವಿಭಾಗದ ಹಳೇ ವಿದ್ಯಾರ್ಥಿ ಟೆಕ್ಸಾಸ್‌ನಿಂದ ಜೂಮ್‌ನಲ್ಲಿ ಹತ್ತು ನಿಮಿಷ ಕಾಣಿಸಿಕೊಂಡು, ಅದರಲ್ಲಿ ಆರು ನಿಮಿಷ ‘ನನ್ನ ಧ್ವನಿ ಕೇಳಿಸ್ತಿದೆಯಾ ಸಾರ್’ ಅಂದರೆ ಅಂತರರಾಷ್ಟ್ರೀಯ. ಇದಕ್ಕೆ ಪರಸ್ಪರ ಸಹಕಾರ ಅಂತ ಹೆಸರು. ಈ ತಿಂಗಳು ನೀವು ನಮ್ಮಲ್ಲಿಗೆ ಬನ್ನಿ, ಮುಂದಿನ ತಿಂಗಳು ನಾವು ನಿಮ್ಮಲ್ಲಿಗೆ ಬರುತ್ತೇವೆ. ಮದುವೆ ಮುಯ್ಯಿಯ ಲೆಕ್ಕ ಬರೆದಿಟ್ಟಷ್ಟೇ ಜೋಪಾನವಾಗಿ ಇದನ್ನೂ ಬರೆದಿಟ್ಟಿರುತ್ತಾರೆ.

ಇನ್ನು ಉಪನ್ಯಾಸ. ಅತಿಥಿಗಳು ಮೊದಲು ತಾವು ಹಳ್ಳಿಯಿಂದ ಬಂದವರು ಅಂತ ಹೇಳುತ್ತಾರೆ. ಸೀಮೆಎಣ್ಣೆ ದೀಪ ಬರುತ್ತದೆ. ಆಮೇಲೆ ಅರಿಸ್ಟಾಟಲ್, ಕೌಟಿಲ್ಯ, ಅನುಭವ ಮಂಟಪ, ಅಂಬೇಡ್ಕರ್. ‘ಇತ್ತೀಚಿನ ಒಲವು’ಗಳು ಅಷ್ಟರಲ್ಲಿ ಮುಗಿದಿರುತ್ತವೆ. ಕೊನೆಗೆ ಪ್ರಶ್ನಾವಳಿ ಹೇಗೆ ತಯಾರಿಸಬೇಕು, ಪ್ರಾಕ್ಕಲ್ಪನೆ (ಹೈಪಾಥಿಸಿಸ್) ಅಂದರೇನು ಅಂತ ನಾಲ್ಕು ಸ್ಲೈಡು. ಪ್ರಾಕ್ಕಲ್ಪನೆ ಅಂದರೆ ತನಿಖೆಗೆ ಮೊದಲೇ ಗೊತ್ತಿರುವ ಉತ್ತರ ಅಂತ ಹುಡುಗರು ಬರೆದುಕೊಳ್ಳುತ್ತಾರೆ. ನಮ್ಮ ಎಷ್ಟೋ ಪ್ರಬಂಧಗಳ ಮಟ್ಟಿಗೆ ಅದು ನಿಜವೇ.

ಸಂಶೋಧನೆಯ ಮಾತು ಬಂದಾಗ ನನಗೆ ಎಂ.ಎನ್. ಶ್ರೀನಿವಾಸ್ ನೆನಪಾಗುತ್ತಾರೆ. ಅವರು ಸಮಾಜಶಾಸ್ತ್ರದವರು, ರಾಜ್ಯಶಾಸ್ತ್ರದವರಲ್ಲ. ಆದರೂ ‘ವೋಟ್ ಬ್ಯಾಂಕ್’ ಅಂತ ನಾವೆಲ್ಲ ದಿನಾ ಬೈದಾಡುವ ಮಾತನ್ನು ಬಳಕೆಗೆ ತಂದವರು ಅವರೇ. 1948ರಲ್ಲಿ ಮೈಸೂರಿನ ಹತ್ತಿರ ತಾವು ರಾಂಪುರ ಅಂತ ಕರೆದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದರು. ಗೌಡರ ಜಗಲಿ ಮೇಲೆ ಕೂತರು, ಜಗಳ ನೋಡಿದರು, ಟಿಪ್ಪಣಿ ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಸ್ಥೆಗೆ ಯಾರೋ ಬೆಂಕಿ ಇಟ್ಟರು. ಟಿಪ್ಪಣಿಗಳ ಮೇಲೆ ವರ್ಷಾನುಗಟ್ಟಲೆ ಮಾಡಿದ್ದ ಕೆಲಸ ಸುಟ್ಟುಹೋಯಿತು. ಮನುಷ್ಯ ಕೂತು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ಈಗ ಆ ಅಪಾಯ ಇಲ್ಲ ಬಿಡಿ. ನಮ್ಮ ಹುಡುಗರ ಕ್ಷೇತ್ರಕಾರ್ಯದ ಟಿಪ್ಪಣಿ ಸುಡಲು ಯಾವ ಬೆಂಕಿಗೂ ಸಾಧ್ಯವಿಲ್ಲ. ಇದ್ದರೆ ತಾನೇ?

ಹುಡುಗರ ತಪ್ಪಲ್ಲ ಅದು. ಹಳ್ಳಿಗೆ ಹೋಗಬೇಕೆಂದರೆ ದುಡ್ಡು ಬೇಕು, ರಜೆ ಬೇಕು, ಮಾರ್ಗದರ್ಶಕರ ಮನೆಯ ಗೃಹಪ್ರವೇಶ ಇರದ ವಾರ ಬೇಕು. ಆದ್ದರಿಂದ ಸುಲಭದ ದಾರಿ ಹಿಡಿಯುತ್ತಾರೆ. ‘ಪಂಚಾಯತ್ ರಾಜ್ ಸಂಸ್ಥೆಗಳಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆ: ಇಂಥ ಜಿಲ್ಲೆಯ ಒಂದು ಅಧ್ಯಯನ’. ಜಿಲ್ಲೆ ಬದಲಾದರೆ ಹೊಸ ಪ್ರಬಂಧ. 2021ರಲ್ಲಿ ವಿಜಯನಗರ 31ನೇ ಜಿಲ್ಲೆಯಾದಾಗ ಹೊಸಪೇಟೆಯವರಿಗಿಂತ ಜಾಸ್ತಿ ಖುಷಿಪಟ್ಟವರು ಪಿಎಚ್‌ಡಿ ಮಾರ್ಗದರ್ಶಕರು. ತಲೆಕೆಡಿಸಿಕೊಳ್ಳದೆ ಒಂದು ಹೊಸ ವಿಷಯ ಸಿಕ್ಕಿತಲ್ಲ!

ಕೃತಿಚೌರ್ಯದ ಬಗ್ಗೆ ಯುಜಿಸಿ ಬಹಳ ಕಟ್ಟುನಿಟ್ಟು. 2018ರ ನಿಯಮದಂತೆ ಶೇ 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಇದನ್ನೂ ಆ ಅತಿಥಿಗಳು ಒಂದು ಸ್ಲೈಡಿನಲ್ಲಿ ವಿವರಿಸುತ್ತಾರೆ. ಅದೇ ಸ್ಲೈಡನ್ನು ಹೋದ ತಿಂಗಳು ಪಕ್ಕದ ಜಿಲ್ಲೆಯಲ್ಲಿ ತೋರಿಸಿದ್ದರು. ಅದೇ ಜೋಕು, ಅದೇ ಸೀಮೆಎಣ್ಣೆ ದೀಪ. ಹೋಲಿಕೆ ಶೇ 100. ಕೆಳಗಡೆ ಮೂಲೆಯಲ್ಲಿ ಹಿಂದಿನ ವಿಶ್ವವಿದ್ಯಾಲಯದ ಹೆಸರು ಅಳಿಸೋದನ್ನೂ ಮರೆತಿರುತ್ತಾರೆ.

ಈಗ ನನಗೆ ನಿಜವಾಗಿ ತಲೆಬಿಸಿ ಮಾಡುವ ವಿಷಯಕ್ಕೆ ಬರುತ್ತೇನೆ. ಅಧಿಕಾರ ವಿಕೇಂದ್ರೀಕರಣ ಅಂದರೆ ಕರ್ನಾಟಕ ಅಂತ ಒಂದು ಕಾಲದಲ್ಲಿ ದೇಶವೇ ಹೇಳುತ್ತಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಪಂಚಾಯಿತಿ ಕಾಯ್ದೆ, 1987ರ ಚುನಾವಣೆ, ಮಹಿಳೆಯರಿಗೆ ಶೇ 25 ಮೀಸಲಾತಿ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಪ್ರತಿ ಉಪನ್ಯಾಸದಲ್ಲೂ ಇದು ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಸರಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ನಾವು 2016ರಲ್ಲಿ ಮತ ಹಾಕಿದ್ದೆವು. 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಲೇಬೇಕು ಅಂತ ಸಂವಿಧಾನ ಹೇಳುತ್ತದೆ. ಆಮೇಲೆ ಏನಾಯಿತು? ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಪ್ರಮಾಣಪತ್ರ. ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಈ ಒಂದು ವಿಷಯದಲ್ಲಿ ಇಬ್ಬರದ್ದೂ ಒಂದೇ ಅಭಿಪ್ರಾಯ. ಅಷ್ಟು ಅಪರೂಪದ ಒಮ್ಮತದ ಮೇಲೆ ಯಾವ ವಿಭಾಗದಲ್ಲಾದರೂ ಒಂದು ವಿಶೇಷ ಉಪನ್ಯಾಸ ನಡೆದದ್ದು ನಾನಂತೂ ಓದಿಲ್ಲ. ಸದಸ್ಯೆಯರೇ ಇಲ್ಲದ ಜಿಲ್ಲಾ ಪಂಚಾಯಿತಿಯಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆಯ ಬಗ್ಗೆ ಸಂಶೋಧನೆ ಮಾತ್ರ ಸಾಂಗವಾಗಿ ನಡೆದಿದೆ.

ವಿಷಯಕ್ಕೆ ಬರಗಾಲವಾ ಈ ನಾಡಿನಲ್ಲಿ? ರಾಜ್ಯ ಸರ್ಕಾರಗಳನ್ನು ಮನಬಂದಂತೆ ವಜಾ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ ತೀರ್ಪಿಗೆ ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಹೆಸರೇ ಇದೆ. 2019ರಲ್ಲಿ 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಗೆದ್ದವರಲ್ಲಿ ಬಹಳಷ್ಟು ಜನ ಮಂತ್ರಿಗಳಾದರು. ರೆಸಾರ್ಟ್ ರಾಜಕೀಯ ಅಂತೂ ನಮ್ಮಲ್ಲಿ ಸಿಲಬಸ್ಸಿನ ಒಂದು ಪೂರ್ತಿ ಪತ್ರಿಕೆಯಾಗುವಷ್ಟು ಬೆಳೆದಿದೆ. ಆದರೆ ‘ಕ್ಷೇತ್ರಕಾರ್ಯಕ್ಕೆ ಬಿಡದಿಯ ರೆಸಾರ್ಟಿಗೆ ಹೋಗಿ ಬರುತ್ತೇನೆ’ ಅಂದರೆ ಯಾವ ಹಣಕಾಸು ಅಧಿಕಾರಿ ಸಹಿ ಹಾಕುತ್ತಾರೆ ಹೇಳಿ. ಹೊಸ ವಿಶ್ವವಿದ್ಯಾಲಯಗಳನ್ನೇ ನೋಡಿ. 2023ರಲ್ಲಿ ಸಾಲಾಗಿ ಉದ್ಘಾಟನೆ ಮಾಡಿದರು. 2025ರಲ್ಲಿ ಒಂಬತ್ತು ವಿಶ್ವವಿದ್ಯಾಲಯ ಮುಚ್ಚಬೇಕು ಅಂತ ಸಚಿವ ಸಂಪುಟದ ಉಪಸಮಿತಿ ಹೇಳಿತು. ಪಿಎಚ್‌ಡಿ ಮುಗಿಸಲು ಕನಿಷ್ಠ ಮೂರು ವರ್ಷ ಬೇಕು ಅಂತ ನಿಯಮ. ಅಲ್ಲಿ ಸೇರಿದವನ ಪ್ರಬಂಧಕ್ಕಿಂತ ಮೊದಲೇ ವಿಶ್ವವಿದ್ಯಾಲಯ ಮುಗಿಯುವ ಹಾಗಿತ್ತು.

ಹಾಗಂತ ಪ್ರಜಾಪ್ರಭುತ್ವದ ಬಗ್ಗೆ ವಿದ್ಯಾರ್ಥಿಗಳು ಪ್ರಶ್ನೆ ಕೇಳಬಾರದು ಅಂತೇನಿಲ್ಲ. ಕೇಳಬಹುದು, ಸಮಯ ಇದ್ದರೆ. ಆದರೆ ಆ ಹೊತ್ತಿಗೆ ಪುಳಿಯೋಗರೆ ತಣ್ಣಗಾಗುತ್ತಿರುತ್ತದೆ. ಮತದಾನದ ವರ್ತನೆ ಬಗ್ಗೆ ಎರಡು ವರ್ಷ ಓದುವ ಈ ಹುಡುಗರಿಗೆ ತಮ್ಮ ಕ್ಯಾಂಪಸ್ಸಿನಲ್ಲಿ ಮತ ಹಾಕುವ ಅವಕಾಶವೇ ಇಲ್ಲ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕಗಳ ಮೇಲಾಯಿತು. ಈಜು ಕಲಿಸುತ್ತೇವೆ, ನೀರಿಗೆ ಮಾತ್ರ ಇಳಿಯಬೇಡಿ ಅನ್ನುವವರೇ ಆಮೇಲೆ ಯುವಜನರಿಗೆ ರಾಜಕೀಯದಲ್ಲಿ ಆಸಕ್ತಿ ಇಲ್ಲ ಅಂತ ವೇದಿಕೆ ಮೇಲೆ ಕಣ್ಣು ಒರೆಸಿಕೊಳ್ಳುತ್ತಾರೆ.

ತಮಾಷೆ ಇಲ್ಲಿಗೆ ಸಾಕು. ಆ ಕುರ್ಚಿಗಳನ್ನು ಜೋಡಿಸಿದವರು ಯಾರು? ಫ್ಲೆಕ್ಸ್ ಮಾಡಿಸಿದವರು, ನಿರೂಪಣೆ ಬರೆದುಕೊಟ್ಟವರು, ಅತಿಥಿಗಳನ್ನು ಬಸ್‌ ಸ್ಟ್ಯಾಂಡಿನಿಂದ ಕರೆತಂದವರು ಯಾರು? ಆ ವಿಭಾಗದ ಅತಿಥಿ ಉಪನ್ಯಾಸಕರು. ಅವರಿಗೆ ಪೇಟ ಇಲ್ಲ. ಸ್ವಾಗತ ಭಾಷಣದಲ್ಲಿ ಹೆಸರೂ ಇಲ್ಲ. ಕಾಯಂ ಹುದ್ದೆಗಳು ಖಾಲಿ ಬಿದ್ದಿವೆ, ಪಾಠ ಮಾಡುವವರು ಇವರೇ. ನೆಟ್, ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ, ಪಿಎಚ್‌ಡಿ ಎಲ್ಲ ಇಟ್ಟುಕೊಂಡು ಹತ್ತು ಹದಿನೈದು ವರ್ಷದಿಂದ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕುತ್ತಾರೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ 2022ರ ಜನವರಿವರೆಗೆ ಇವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11 ಸಾವಿರ, ಅರ್ಹತೆ ಇದ್ದರೆ 13 ಸಾವಿರ. ಅದನ್ನು 26 ಸಾವಿರದಿಂದ 32 ಸಾವಿರದವರೆಗಿನ ಮೊತ್ತಕ್ಕೆ ಏರಿಸಿದಾಗ ಸರ್ಕಾರ ಉಪಕಾರ ಮಾಡಿದ ಹಾಗೆ ಹೇಳಿಕೊಂಡಿತು. ಕಾಯಂ ಮಾಡಿ ಅಂತ ತರಗತಿ ಬಿಟ್ಟು ಬೀದಿಗೆ ಬಂದರು. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಸಿಕ್ಕಿದ್ದು ಇನ್ನಷ್ಟು ಸಾವಿರ ರೂಪಾಯಿ, ವಿಮೆ, 60 ತುಂಬಿದ ಮೇಲೆ ಹೆಚ್ಚೆಂದರೆ 5 ಲಕ್ಷದ ಇಡಿಗಂಟು. ಕಾಯಂ ಮಾತು ಎತ್ತಬೇಡಿ ಅಂದರು. ನಾಗರಿಕ ಹಕ್ಕು, ಮುಷ್ಕರದ ಹಕ್ಕು, ಕಲ್ಯಾಣ ರಾಜ್ಯ ಅಂತ ಪಾಠ ಮಾಡುವ ಮೇಷ್ಟ್ರು ಮನೆ ಬಾಡಿಗೆಗೆ ಸಾಲ ಮಾಡುತ್ತಾರೆ. ಇದು ನಾಚಿಕೆಗೇಡು. ಇದಕ್ಕಿಂತ ಚಂದದ ಮಾತು ನನಗೆ ಸಿಗುತ್ತಿಲ್ಲ, ಹುಡುಕುವ ಮನಸ್ಸೂ ಇಲ್ಲ.

ಅಂದಹಾಗೆ ಮಾರ್ಚ್ ಬರುತ್ತಿದೆ. 31ರೊಳಗೆ ಅನುದಾನ ಖರ್ಚಾಗದಿದ್ದರೆ ವಾಪಸ್ ಹೋಗುತ್ತದೆ. ಹಾಗಾಗಿ ಎಲ್ಲ ವಿಭಾಗಗಳಲ್ಲೂ ಒಟ್ಟೊಟ್ಟಿಗೆ ವಿಶೇಷ ಉಪನ್ಯಾಸಗಳು ಶುರುವಾಗುತ್ತವೆ, ಒಳ್ಳೆಯ ಅತಿಥಿಗಳ ಡೇಟ್ ಸಿಗುವುದು ಕಷ್ಟ. ಶಾಲಿನ ಬಿಲ್ಲು, ಊಟದ ಬಿಲ್ಲು, ಟಿಎ ಡಿಎ ಫಾರಂ, ಹಾಜರಿ ಪಟ್ಟಿ ಎಲ್ಲ ಸೇರಿಸಿ ಫೈಲ್ ಕಟ್ಟುವ ಕೆಲಸ ಅತಿಥಿ ಉಪನ್ಯಾಸಕರದ್ದೇ. ಅಷ್ಟರೊಳಗೆ ಅವರ ಸೆಮಿಸ್ಟರ್ ಅವಧಿ ಮುಗಿದು ಸಂಬಳ ನಿಂತಿದ್ದರೆ, ‘ಬಿಲ್ ಪಾಸಾಗೋವರೆಗೆ ಸುಮ್ನೆ ಬಂದು ಹೋಗ್ತಾ ಇರಿ ಮೇಷ್ಟ್ರೇ’ ಅಂತ ವಿಭಾಗದ ಮುಖ್ಯಸ್ಥರು ಪ್ರೀತಿಯಿಂದಲೇ ಹೇಳುತ್ತಾರೆ. ಅವರೂ ಹೋಗುತ್ತಾರೆ. ಮುಂದಿನ ವರ್ಷದ ಅರ್ಜಿಗೆ ಸಹಿ ಹಾಕುವವರು ಈ ಮುಖ್ಯಸ್ಥರೇ ಅಲ್ವಾ.