ಹೊಳವಿನ ದಿನವೇ ಕೈಕೊಟ್ಟ ಕಾರ್ಬುರೇಟರ್

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಮಳೆಗಾಲದಲ್ಲಿ ಒಂದು ದಿನ ಮಳೆ ಬಿಟ್ಟು ಹೊಳವಾಗುವುದೇ ದೊಡ್ಡದು. ಅಷ್ಟರಲ್ಲೇ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಬೇಕು. ಮೊನ್ನೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬಂದಾಗಿತ್ತು, ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಡ್ರಮ್ ತುಂಬಿಯಾಗಿತ್ತು. ಆ ದ್ರಾವಣವನ್ನು ನಾಳೆಗೆಂದು ಇಡುವಂತಿಲ್ಲ. ಪಂಪಿನ ಎಂಜಿನ್ ಮಾತ್ರ, ಹಗ್ಗ ಎಳೆದೆಳೆದು ರಟ್ಟೆ ಸೋತರೂ ಜಪ್ಪಯ್ಯ ಎನ್ನಲಿಲ್ಲ!

ಕಾರಣ, ಹೋದ ವರ್ಷ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್. ಈಗ ಅದರಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನಲ್ಲಿ ತೇವಕ್ಕೆ ಬರವೇ? ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರಿನ ಬಟ್ಟಲಿನ ತಳದಲ್ಲಿ ನೀರು, ಮೇಲೆಲ್ಲ ಅಂಟು. ಅದರೊಳಗೆ ಪೆಟ್ರೋಲ್ ಹಾಯುವ ಜೆಟ್‌ನ ರಂಧ್ರವೋ ಸೂಜಿಮೊನೆಯಷ್ಟು. ತಂತಿ ತೂರಿಸಿ ಕೆರೆದರೆ ರಂಧ್ರವೇ ಅಗಲವಾಗಿ ಎಂಜಿನ್ ಹೊಗೆ ಕಾರುತ್ತದೆ. ನೆನೆಸಬೇಕು, ಊದಬೇಕು, ಬೆಳಕಿಗೆ ಹಿಡಿದು ನೋಡಬೇಕು, ಮತ್ತೆ ಊದಬೇಕು. ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಹರಿಯಿತೋ, ಪೇಟೆಗೆ ಓಡಬೇಕು.

"ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ" ಎಂಬ ಒಂದು ಮಾತನ್ನು ಮಾರಿದವರು ಹೇಳಬಾರದಿತ್ತೇ? ಎಲ್ಲ ಸೇರಿಸಿ ಹಗ್ಗ ಎಳೆಯುವಾಗ ಮಧ್ಯಾಹ್ನ ಎರಡು ಗಂಟೆ. ಎಂಜಿನ್ ಹೊತ್ತಿತು. ಆಗುಂಬೆಯ ಕಡೆಯಿಂದ ಮೋಡವೂ ಕವಿಯಿತು.