ಎರಡೇ ತಾಸಿನ ದಿಲ್ಲಿ

ದಿಲ್ಲಿಯಲ್ಲಿರುವ ನಮ್ಮ ಭಾವನಿಗೆ ಒಂದು ಚಟ. ಯಾರು ಯಾವ ಊರಿನ ಹೆಸರೆತ್ತಿದರೂ ಸರಿ, ಅಲ್ಲಿಂದ ದಿಲ್ಲಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಫೋನಿನಲ್ಲಿ ನೋಡಿಬಿಡೋದು. ನಮ್ಮದನ್ನೂ ನೋಡಿದರು. 'ದಾವಣಗೆರೆಯಿಂದ 1,570 ಕಿಲೋಮೀಟರ್. ಎರಡೇ ತಾಸು! ಗೃಹಪ್ರವೇಶಕ್ಕೆ ಬರೋಕೆ ಏನು ಧಾಡಿ?'

ಲೆಕ್ಕ ಸುಳ್ಳಲ್ಲ. ಕಾಗೆ ಹಾರಿದಂತೆ ನೇರ ಗೆರೆ ಎಳೆದು ಗಂಟೆಗೆ 800 ಕಿಲೋಮೀಟರಿನಂತೆ ಭಾಗಿಸಿದರೆ ಅಷ್ಟೇ ಬರುತ್ತೆ. ಆದರೆ ದಾವಣಗೆರೆಯಲ್ಲಿ ವಿಮಾನ ಹತ್ತೋಕೆ ಜಾಗವಿಲ್ಲ. ಭಾವನ ಫೋನೇ ನಮಗೊಂದು ನಿಲ್ದಾಣ ಕಟ್ಟಿಸಿಕೊಟ್ಟಿದೆ. ಹುಬ್ಬಳ್ಳಿಗಿದೆ, 2023ರಿಂದ ಶಿವಮೊಗ್ಗಕ್ಕೂ ಇದೆ. ನಡುವೆ ಕೂತ ನಮ್ಮ ಕೈಗೆ ಬೆಣ್ಣೆದೋಸೆ ಕೊಟ್ಟು ಸುಮ್ಮನಾಗಿಸಿದ್ದಾರೆ. ಆ ಎರಡೂ ಕಡೆ ನನಗೆ ಬೇಕಾದ ದಿನದ ಟಿಕೆಟ್ ಹೊಂದಲಿಲ್ಲ. ಸರಿ, ಬೆಂಗಳೂರೇ ಗತಿ.

ರಾತ್ರಿ ಹತ್ತಕ್ಕೆ ಮನೆ ಬಿಟ್ಟೆ. ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ಕಂಡದ್ದು ನೆನಪಿದೆ. ಆಮೇಲೆ ಹಿರಿಯೂರು, ಸಿರಾ ಎಲ್ಲ ಪಕ್ಕದ ಸೀಟಿನವರ ಗೊರಕೆಯಲ್ಲಿ ಕರಗಿದವು. 260 ಚಿಲ್ಲರೆ ಕಿಲೋಮೀಟರ್ ದಕ್ಷಿಣಕ್ಕೆ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಬಂದ ತಪ್ಪಿಗೆ ಮತ್ತೆ ಉತ್ತರಕ್ಕೆ, ದೇವನಹಳ್ಳಿ ಕಡೆಗೆ. ಎರಡು ತಾಸು ಮುಂಚೆ ಹಾಜರಿರಬೇಕಂತೆ. ದಿಲ್ಲಿಗೇ ಎರಡು ತಾಸಲ್ಲವೇ ಭಾವ? ಅಷ್ಟು ಹೊತ್ತು ನಾನು ಕುರ್ಚಿ ಬಿಟ್ಟು ಕದಲಲೇ ಇಲ್ಲ.

ತಪಾಸಣೆಯಲ್ಲಿ ನನ್ನ ಚೀಲ ಮಾತ್ರ ಪಕ್ಕಕ್ಕೆ ಸರಿಯಿತು. ಅಕ್ಕನಿಗೆಂದು ತುರುಕಿದ್ದ ಐದು ಸೇರು ಮಂಡಕ್ಕಿ. ಹಿಂದಿಯ ಜವಾನ ಪೊಟ್ಟಣ ಎತ್ತಿ ನೋಡಿದ, ತೂಗಿ ನೋಡಿದ, ಅಲ್ಲಾಡಿಸಿದ. ಇಷ್ಟು ದೊಡ್ಡದಕ್ಕೆ ಇಷ್ಟು ಹಗುರ ಹೇಗೆ ಅನ್ನೋದೇ ಅವನ ಅನುಮಾನ. 'ಖಾಲಿ ಹೈ?' ಅಂದ. ಖಾಲಿಯೇ ಅಪ್ಪಾ, ಮಿರ್ಚಿ ಇಲ್ಲದ ಮಂಡಕ್ಕಿ ಖಾಲಿಯೇ, ಅಂತ ಹೇಳುವಷ್ಟು ಹಿಂದಿ ನನಗೆ ಬರಲಿಲ್ಲ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನು ಇನ್ನೊಬ್ಬನನ್ನ ಕರೆದ. ನಾನು ಇನ್ನೊಂದು ಹಿಡಿ ತಿಂದೆ. ಹಿಂದೆ ಸಾಲು ಬೆಳೀತಾ ಇತ್ತು. ಮೂರನೇ ಹಿಡಿಗೆ ಬಿಟ್ಟರು.

ವಿಮಾನ ಏರಿ ಹದಿನೈದೇ ನಿಮಿಷಕ್ಕೆ ನಮ್ಮೂರಿನ ಅಕ್ಷಾಂಶ ದಾಟಿರಬೇಕು. ರಾತ್ರಿಯೆಲ್ಲ ಇಳಿದು ಬಂದದ್ದನ್ನ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಹತ್ತಿಬಿಟ್ಟಿತು. ಎಡಗಡೆ ಕಿಟಕಿಗೆ ಹಣೆ ಹಚ್ಚಿ ನೋಡಿದೆ. ಆ ಕಡೆ ಎಲ್ಲೋ ಅವ್ವ ಬಾಗಿಲಿಗೆ ನೀರು ಹಾಕಿ, ಮಗ ಮುಟ್ಟಿದನೋ ಇಲ್ಲವೋ ಅಂತ ಫೋನ್ ಮುಂದಿಟ್ಟುಕೊಂಡು ಕೂತಿರುತ್ತಾಳೆ. ಬರೀ ಮೋಡ.

ಮಧ್ಯಾಹ್ನ ಎರಡೂವರೆಗೆ ಭಾವನ ಮನೆ ಮುಟ್ಟಿದೆ. ಹದಿನಾರೂವರೆ ತಾಸು. ಊಟದ ಎಲೆ ಎತ್ತಿಯಾಗಿತ್ತು. 'ಯಾಕಿಷ್ಟು ತಡ?' ಅಂದರು, ಫೋನ್ ನೋಡುತ್ತಲೇ.

ನಿನ್ನೆ ಫೋನ್ ಮಾಡಿದ್ದರು. ದಸರಾ ರಜೆಗೆ ದಾವಣಗೆರೆಗೆ ಬರ್ತಾರಂತೆ. 'ಬೆಂಗಳೂರು ಏರ್‌ಪೋರ್ಟಿಂದ ನಿಮ್ಮನೆ ಎಷ್ಟು ಹೊತ್ತಿನ ದಾರಿ?'

ನಾನೂ ಗೆರೆ ಎಳೆದು, 800ರಿಂದ ಭಾಗಿಸಿದೆ.

'ಹದಿನೆಂಟೇ ನಿಮಿಷ ಭಾವ. ಬನ್ನಿ.'