ಟುರಿನ್ ಸಂತೆಯಲ್ಲಿ ತಕ್ಕಡಿಯಿಲ್ಲ

ಇಟಲಿಯ ಟುರಿನ್ ನಗರಕ್ಕೆ ಹೋದವರು ಅಲ್ಲಿನ ಅರಮನೆಗಳನ್ನೂ ಈಜಿಪ್ಟ್ ವಸ್ತುಸಂಗ್ರಹಾಲಯವನ್ನೂ ನೋಡಿ ಬರುವುದು ವಾಡಿಕೆ. ಮ್ಯೂನಿಕ್‌ನಲ್ಲಿ ನೆಲೆಸಿರುವ ನನಗೆ ಆ ಊರಿಗೆ ಹೋಗುವ ನೆಪ ಸಿಕ್ಕಾಗಲೆಲ್ಲ ಕಾಲು ತಾನಾಗಿ ಹೊರಳುವುದು ಬೊರ್ಗೊ ಡೋರಾ ಎಂಬ ಹಳೆಯ ಬಡಾವಣೆಯ ಕಡೆಗೆ. ಪೋರ್ತಾ ಪಲಾತ್ಸೊ ಎಂಬ ಭಾರಿ ತರಕಾರಿ ಮಾರುಕಟ್ಟೆಯ ಬೆನ್ನಿಗೇ ಇರುವ ಆ ಗಲ್ಲಿಗಳಲ್ಲಿ 19ನೆಯ ಶತಮಾನದ ನಡುಭಾಗದಿಂದ ನಡೆದುಬಂದ ಬಲೋನ್ ಎಂಬ ಹಳೆ ಸಾಮಾನಿನ ಸಂತೆ ಪ್ರತಿ ಶನಿವಾರ ಸೇರುತ್ತದೆ. ತಿಂಗಳ ಎರಡನೆಯ ಭಾನುವಾರ ಅದೇ ಸಂತೆ ಇನ್ನಷ್ಟು ದೊಡ್ಡದಾಗಿ ಗ್ರಾನ್ ಬಲೋನ್ ಎನಿಸಿಕೊಳ್ಳುತ್ತದೆ. ಗುಜರಿ ಎಂದು ನಾವು ತಳ್ಳಿಬಿಡುವಂಥ ಸಾಮಾನೇ ಅಲ್ಲಿಯೂ ಇದೆ. ವ್ಯತ್ಯಾಸವಿರುವುದು ಅದಕ್ಕೆ ಬೆಲೆ ಕಟ್ಟುವ ರೀತಿಯಲ್ಲಿ.

ಹಾಸಿಗೆಯ ಹಾಸುಗಳನ್ನೇ ತೆಗೆದುಕೊಳ್ಳಿ. ಇಟಲಿಯಲ್ಲಿ ಹಿಂದೆ ಹೆಣ್ಣುಮಕ್ಕಳ ಮದುವೆಗೆ ವರ್ಷಗಟ್ಟಲೆ ಮೊದಲೇ ಹಾಸು, ದಿಂಬಿನ ಚೀಲ, ಮೇಜಿನ ಬಟ್ಟೆಗಳನ್ನು ಹೊಲಿದು, ಮೂಲೆಯಲ್ಲಿ ಹುಡುಗಿಯ ಹೆಸರಿನ ಮೊದಲಕ್ಷರಗಳನ್ನು ಕಸೂತಿ ಹಾಕಿ ಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದರು. ಆ ಹೆಣ್ಣುಮಕ್ಕಳು ಅಜ್ಜಿಯರಾಗಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿಸುವಾಗ ಆ ಪೆಟ್ಟಿಗೆಗಳು ಸಂತೆಗೆ ಬರುತ್ತವೆ. ಮಾರುವ ಹೆಂಗಸು ಹಾಸನ್ನು ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿದು, ನೇಯ್ಗೆ ತೋರಿಸಿ, ಎಲ್ಲಿ ರಫೂ ಮಾಡಿದೆ ಎಂಬುದನ್ನೂ ಬೆರಳಿಟ್ಟು ತೋರಿಸುತ್ತಾಳೆ. ನಾರಗಸೆಯದೋ (ಲಿನನ್), ಹತ್ತಿಯದೋ, ಸೆಣಬಿನದೋ (ಗೋಣಿಚೀಲದ ಸೆಣಬಲ್ಲ, ಹೆಂಪ್), ಕಸೂತಿ ಕೈಯದೋ ಯಂತ್ರದ್ದೋ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಟುರಿನ್‌ಗೆ ಹತ್ತಿರದ ಕಾರ್ಮನ್ಯೋಲ ಒಂದು ಕಾಲಕ್ಕೆ ಸೆಣಬಿಗೆ ಹೆಸರಾದ ಊರು. ಸೆಣಬಿನ ಹಳೆಯ ಹಾಸು ಕೈಗೆ ತೂಕವೆನಿಸುತ್ತದೆ, ಆದರೆ ಹತ್ತಾರು ವರ್ಷ ಒಗೆಸಿಕೊಂಡು ಮೆತ್ತಗಾಗಿರುತ್ತದೆ. ಕೊಂಡವರು ಅದನ್ನು ಒಯ್ದು ಮಂಚದ ಮೇಲೆ ಹಾಸಿಕೊಳ್ಳುತ್ತಾರೆ; ಮೂಲೆಯಲ್ಲಿರುವ ಬೇರೊಬ್ಬರ ಹೆಸರಿನ ಅಕ್ಷರಗಳು ಯಾರಿಗೂ ಮುಜುಗರ ತರುವುದಿಲ್ಲ.

ಹೆಸರು ಬರೆಸುವುದು ನಮಗೂ ಹೊಸತಲ್ಲ. ಮದುವೆಗೆ ಕೊಟ್ಟ ಕೊಳಗ, ತಂಬಿಗೆ, ಹಂಡೆಗಳ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು, ಕೆಲವೊಮ್ಮೆ ತಾರೀಖು ಸಹಿತ, ಕರ್ನಾಟಕದ ಯಾವ ಅಟ್ಟದಲ್ಲಿ ಹುಡುಕಿದರೂ ಸಿಗುತ್ತದೆ. ಮನೆ ಬದಲಾಯಿಸುವಾಗಲೋ ಹಳೆ ಮನೆ ಕೆಡವುವಾಗಲೋ ಅವೇ ಪಾತ್ರೆಗಳು ಅಂಗಡಿಯ ತಕ್ಕಡಿ ಏರುತ್ತವೆ. ಕಬ್ಬಿಣದ ಬಳೆಯಿದ್ದರೆ ಅದರ ತೂಕ ಕಳೆದು, ಉಳಿದದ್ದಕ್ಕೆ ಹಳೆ ಹಿತ್ತಾಳೆಯ ಕಿಲೋ ದರ ಹಾಕಿ, ಬದಲಿಗೆ ಸ್ಟೀಲಿನದನ್ನೋ ಪ್ರೆಷರ್ ಕುಕ್ಕರನ್ನೋ ಕೊಟ್ಟರೆ ವ್ಯವಹಾರ ಮುಗಿಯಿತು. ಕೈಯಿಂದ ಬಡಿದು ಮಾಡಿದ ಹಂಡೆಗೂ ಒಡೆದ ನಲ್ಲಿಗೂ ಒಂದೇ ದರ. ನನ್ನ ತಕರಾರು ಇಷ್ಟೇ: ನಮ್ಮಲ್ಲಿ ಹಳೆಯ ವಸ್ತು ಮನೆಯ ಹೊಸ್ತಿಲು ದಾಟಿದ ಕೂಡಲೇ ಬರೀ ಲೋಹವಾಗಿಬಿಡುತ್ತದೆ.

ಇದನ್ನು ಕೇವಲ ಅಭಿರುಚಿಯ ವ್ಯತ್ಯಾಸ ಎನ್ನಲಾರೆ. ಬಲೋನ್‌ನಲ್ಲಿ ಹಳೆಯದಕ್ಕೆ ಗಿರಾಕಿ ಇರುವುದು ಅದು ಇನ್ನೂ ಕೆಲಸಕ್ಕೆ ಬರುತ್ತದೆ ಎಂಬ ಕಾರಣಕ್ಕೂ ಹೌದು. ಆಲ್ಫೊನ್ಸೊ ಬಿಯಾಲೆಟ್ಟಿ 1933ರಲ್ಲಿ ತಂದ ಮೋಕಾ ಎಂಬ ಎಂಟು ಮುಖದ ಅಲ್ಯೂಮಿನಿಯಂ ಕಾಫಿ ಪಾತ್ರೆ ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ತಯಾರಾಗುತ್ತಿದೆ. ಹೀಗಾಗಿ ಸಂತೆಯಲ್ಲಿ ಕೊಂಡ ಹಳೆಯ ಮೋಕಾಕ್ಕೆ ಬೇಕಾದ ರಬ್ಬರ್ ಉಂಗುರವೂ ಜಾಲರಿಯೂ ಮನೆಬಳಕೆಯ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ತಳದ ಪಾತ್ರೆಯ ಕವಾಟ ಸುಣ್ಣ ಕಟ್ಟಿದೆಯೇ, ಒಳಮೈಯಲ್ಲಿ ಗುಳಿ ಬಿದ್ದಿದೆಯೇ, ತಿರುಪು ಸಲೀಸಾಗಿ ಕೂರುತ್ತದೆಯೇ ಎಂಬುದನ್ನು. (ಫಿಲ್ಟರ್ ಕಾಫಿಗೆ ನಿಷ್ಠರಾದವರು ಇದನ್ನು ಮುಟ್ಟದಿದ್ದರೂ ನಷ್ಟವಿಲ್ಲ.) ಟುರಿನ್ ಸಮೀಪದ ಇವ್ರೇಯಾದಲ್ಲಿ ನೆಲೆಗೊಂಡಿದ್ದ ಒಲಿವೆಟ್ಟಿ ಸಂಸ್ಥೆಯ ಟೈಪ್‌ರೈಟರುಗಳ ಕಥೆಯೂ ಇದೇ. ಮಾರ್ಚೆಲ್ಲೊ ನಿತ್ಸೋಲಿ ವಿನ್ಯಾಸ ಮಾಡಿದ 1950ರ ಲೆಟೆರಾ 22ಕ್ಕೆ ಈಗಲೂ ರಿಬ್ಬನ್ ದೊರೆಯುತ್ತದೆ. ಆದರೆ ಇಟಲಿಯ ಯಂತ್ರಗಳಲ್ಲಿ ಕೀಲಿಗಳ ಜೋಡಣೆ ನಮಗೆ ರೂಢಿಯಾದದ್ದಕ್ಕಿಂತ ಬೇರೆಯಾದ್ದರಿಂದ ಕೂತು ಬೆರಳಚ್ಚಿಸುವ ಆಸೆಯಿದ್ದವರು ಮೊದಲ ಸಾಲನ್ನು ಓದಿ ನೋಡಿ ಕೊಳ್ಳುವುದು ಒಳ್ಳೆಯದು.

ಆ ಸಂತೆಯನ್ನು ಅತಿಯಾಗಿ ಹೊಗಳುವ ಇರಾದೆ ನನಗಿಲ್ಲ. ಅಲ್ಲಿ ಬೆಲೆ ಬರೆದಿಟ್ಟಿರುವುದು ಕಡಿಮೆ. ಪ್ರವಾಸಿಯ ಮುಖ ನೋಡಿ ಏರುವ ಬೆಲೆ ಎಷ್ಟೆಂದು ಹೇಳುವ ಅಳತೆಗೋಲಿಲ್ಲ. ಬೆಳಗ್ಗೆ ಬೇಗ ಬರುವ ವ್ಯಾಪಾರಿಗಳೇ ಒಳ್ಳೆಯದನ್ನು ಆರಿಸಿಕೊಂಡಿರುತ್ತಾರೆ, ಮಧ್ಯಾಹ್ನ ಸಾಮಾನನ್ನು ಮತ್ತೆ ವ್ಯಾನಿಗೆ ಏರಿಸಲು ಬೇಸರಪಡುವ ಮಾರಾಟಗಾರ ಮಾತ್ರ ನಮ್ಮಂಥವರಿಗೆ ಇಳಿಸಿ ಕೊಡುತ್ತಾನೆ. ಹೆಸರಾಂತ ಕಂಪನಿಗಳ ನಕಲಿ ಚೀಲ ಕೊಂಡವರಿಗೂ ಇಟಲಿಯಲ್ಲಿ 7,000 ಯೂರೊವರೆಗೆ ದಂಡ ಬೀಳಬಹುದು. ಅಪರಿಚಿತರ ಮದುವೆಯ ಫೋಟೋಗಳು ರಟ್ಟಿನ ಡಬ್ಬಿಯಲ್ಲಿ ರಾಶಿಬಿದ್ದಿರುವುದನ್ನು ಕಂಡಾಗ, ಇವನ್ನು ಕೇಳುವ ಮಕ್ಕಳು ಮೊಮ್ಮಕ್ಕಳು ಯಾರೂ ಉಳಿದಿಲ್ಲವೇ ಎಂದು ನಮ್ಮವರ ಮನಸ್ಸು ಅಳುಕುತ್ತದೆ, ಅಳುಕಬೇಕಾದದ್ದೇ. ಇದಕ್ಕೆ ಹೋಲಿಸಿದರೆ ನಮ್ಮ ತಕ್ಕಡಿಯಲ್ಲಿ ಒಂದು ನೇರವಂತಿಕೆಯಿದೆ: ಮುಳ್ಳು ಎಲ್ಲರ ಕಣ್ಣಿಗೂ ಕಾಣುತ್ತದೆ, ದರ ಮಾರುಕಟ್ಟೆಗೆಲ್ಲ ಗೊತ್ತಿರುತ್ತದೆ, ತವರಿನ ತಂಬಿಗೆಯನ್ನು ಮಾರಿ ಮಗನ ಫೀಸು ಕಟ್ಟಬೇಕಾದ ತಾಯಿಗೆ ಕಸೂತಿಯ ಸೊಗಸು ವಿವರಿಸುವ ಬಿಡುವು ಇರುವುದಿಲ್ಲ.

ಬಟ್ಟೆಯ ವಿಷಯದಲ್ಲಂತೂ ನಾವು ಇಟಲಿಯವರಿಂದ ಕಲಿಯುವುದೇನೂ ಇಲ್ಲ. ಉತ್ತರ ಕರ್ನಾಟಕದ ಕೌದಿಯಲ್ಲಿ ಅಜ್ಜಿಯ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಎಲ್ಲವೂ ಪದರ ಪದರವಾಗಿ ಸೇರಿ ಮತ್ತೊಂದು ತಲೆಮಾರಿನ ಚಳಿ ಕಾಯುತ್ತವೆ. ನಮ್ಮ ಮರುಬಳಕೆ ಮನೆಯೊಳಗಿನದು, ನಂಟಿನೊಳಗಿನದು. ಅಪರಿಚಿತರು ಉಟ್ಟದ್ದನ್ನು ಮುಟ್ಟಲು ಮೈಲಿಗೆಯ ಹಳೆಯ ಅಂಜಿಕೆ ಇನ್ನೂ ಅಡ್ಡ ಬರುತ್ತದೆ. ಪಾತ್ರೆಗೆ, ಕುರ್ಚಿಗೆ, ಗಡಿಯಾರಕ್ಕೆ ಆ ಅಂಜಿಕೆ ಅನ್ವಯಿಸಬೇಕಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಗ್ರಾಮ ಎಂಬ ಹಳೆಯ ಮನೆಗಳ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಅಂಥ ಒಬ್ಬರ ಛಲ ದೊಡ್ಡದು, ಆದರೆ ಅಲ್ಲಿಗೆ ಸೇರಿದ ಕೊಳಗದಲ್ಲಿ ಇನ್ನು ಯಾರೂ ನೀರು ತುಂಬುವುದಿಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸದಂತೆ 1972ರ ಕಾಯ್ದೆ ತಡೆಯುತ್ತದೆ; ಮನೆಯ ಹಂಡೆ ಕುಲುಮೆಗೆ ಹೋಗುವುದನ್ನು ತಡೆಯುವುದು ಅದರ ಉದ್ದೇಶವೇ ಅಲ್ಲ. ಕುಲುಮೆಗೂ ವಸ್ತುಸಂಗ್ರಹಾಲಯಕ್ಕೂ ನಡುವೆ ಸಾಮಾನ್ಯರು ಬಳಸಲೆಂದೇ ಹಳೆಯದನ್ನು ಕೊಳ್ಳುವ ಜಾಗ ಬೇಕು. ಅದಕ್ಕೆ ಟುರಿನ್‌ನಷ್ಟು ದೊಡ್ಡ ಸಂತೆಯೇ ಆಗಬೇಕೆಂದಿಲ್ಲ. ಹಳೆ ಪಾತ್ರೆಗೆ ಹೊಸದು ಕೊಡುವ ಅಂಗಡಿಗಳವರು ತೂಕ ಹಾಕಿಸಿಕೊಂಡದ್ದರಲ್ಲಿ ಸೋರದ, ಸೀಳದ ನಾಲ್ಕನ್ನು ಬದಿಗೆ ತೆಗೆದು, ಕಲಾಯಿ ಹಾಕಿಸಿ, ತಗಡಿನ ಬೆಲೆಗಿಂತ ಒಂದಿಷ್ಟು ಹೆಚ್ಚಿಗೆ ಮಾರಲು ಇಡುವುದಾದರೆ, ರಜೆಗೆ ಊರಿಗೆ ಬಂದಾಗ ಕೊಳ್ಳಲು ನನ್ನಂಥ ಹೊರನಾಡಿನವರೇ ಸಾಕಷ್ಟು ಮಂದಿ ಇದ್ದೇವೆ.